ದೇವದಾನಪ್ಪನವರ ಪುಸ್ತಕದ ಅಂಚು

ಮೊನ್ನೆ ನನಗೂ ನನ್ನ ಹೆಂಡತಿಗೂ ಒಂದು ವಾದ ಬಿತ್ತು. ನಮ್ಮ ಹಳೆಯ ರೇಡಿಯೊ ಕೊಂಡದ್ದು ಮದುವೆಗೆ ಮುಂಚೆಯೋ ಆಮೇಲೋ ಎಂಬುದು ವಾದದ ವಿಷಯ. ಅವಳ ಪ್ರಕಾರ ಅದು ಅವಳು ಬಂದ ಮೇಲೆ, ಅವಳೇ ಹಠ ಮಾಡಿ ತರಿಸಿದ್ದು. ನನ್ನ ಪ್ರಕಾರ, ಸಾಗರದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದಾಗ ನಾನು ಆ ರೇಡಿಯೊ ಕೇಳುತ್ತ ಅನ್ನ ಬೇಯಿಸಿಕೊಳ್ಳುತ್ತಿದ್ದೆ. "ನನಗೆ ಚೆನ್ನಾಗಿ ನೆನಪಿದೆ" ಎಂದೆ. ಈ ಮಾತು ನನ್ನ ಬಾಯಿಂದ ಬಂದಾಗಲೆಲ್ಲ ಸೋಲುವುದು ನಾನೇ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವಳು ನಗುತ್ತ ಒಳಗೆ ಹೋದಳು. ನಾನು ಬೀರುವಿನ ತಳದ ಖಾನೆಯಿಂದ ಅರವತ್ತರ ದಶಕದ ಡೈರಿಗಳನ್ನು ಹೊರಗೆಳೆದೆ. ಅದರಲ್ಲಿ ಒಂದರ ಬೆನ್ನು ಕೈಗೇ ಕಿತ್ತು ಬಂತು.

ಕಪ್ಪು ಬಟ್ಟೆ ಒಣಗಿದ ಬಾಳೆಪಟ್ಟೆಯಂತೆ ಸುಲಿದುಕೊಂಡಿತು. ಅದರೊಳಗಿನಿಂದ ಮೂರು ಕಾಗದದ ಪಟ್ಟಿಗಳು ಉದುರಿ ನನ್ನ ಪಾದದ ಮೇಲೆ ಬಿದ್ದವು. ಕಿರುಬೆರಳಿನಷ್ಟು ಅಗಲ, ಗೇಣುದ್ದ. ಬೈಂಡು ಮಾಡುವವರು ಪುಸ್ತಕದ ಬೆನ್ನು ಗಟ್ಟಿಯಾಗಲೆಂದು ಬಟ್ಟೆಯ ಒಳಗೆ ರದ್ದಿ ಕಾಗದ ಇಡುವುದು ವಾಡಿಕೆ. ಅದರಲ್ಲೇನೂ ವಿಶೇಷವಿಲ್ಲ. ಆದರೆ ಈ ಪಟ್ಟಿಗಳ ಮೇಲೆ ಕೆಂಪು ಪೆನ್ಸಿಲಿನ ಅಕ್ಷರಗಳಿದ್ದವು. ಬರೆದ ಕೈ ಯಾವುದೆಂದು ನನಗೆ ನೋಡಿದ ಕೂಡಲೇ ತಿಳಿಯಿತು. ರೇಡಿಯೊ ಮರೆತುಹೋಯಿತು.

ಸಾಗರದಲ್ಲಿ ನಾನು ಹೈಸ್ಕೂಲು ಮೇಷ್ಟ್ರಾಗಿದ್ದೆ. ಹೊಸನಗರ ತಾಲ್ಲೂಕಿನ ಒಬ್ಬ ಗೇಣಿದಾರನ ಮಗ ಮೈಸೂರಿಗೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡಿಕೊಂಡು ಬಂದಿದ್ದ. ಬಂದವನು ಮೊದಲು ಮಾಡಿದ ಕೆಲಸವೆಂದರೆ, ತನ್ನ ತಗಡಿನ ಟ್ರಂಕಿನ ಮುಚ್ಚಳದ ಮೇಲೆ ಹೆಸರಿನ ಮುಂದೆ ಆ ಎರಡಕ್ಷರವನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದು. ಟ್ರಂಕಿನ ಮೇಲೆ ಟ್ರಂಕು ಇಟ್ಟರೆ ಅಕ್ಷರ ಕಾಣುವುದಿಲ್ಲವೆಂದು ಅದನ್ನು ಯಾವಾಗಲೂ ಮೇಲೆಯೇ ಇಡುತ್ತಿದ್ದ. ಆ ಮನುಷ್ಯ ನಾನೇ; ಅವನನ್ನು ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ. ನಾಚಿಕೆಗೆ ಟ್ರಂಕು ಕಾರಣವಾಗಿದ್ದರೆ ಚೆನ್ನಾಗಿತ್ತು.

ನನ್ನ ಕೋಣೆಯ ಎದುರಿಗೇ ದೇವದಾನಪ್ಪನವರ ಬೈಂಡಿಂಗ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಕಚೇರಿಗಳ ರಿಜಿಸ್ಟರು, ಶಾಲೆಗಳ ಹಾಜರಿ ಪುಸ್ತಕ, ಯಾರದೋ ಮನೆಯ ಹರಿದ ಪಂಚಾಂಗ, ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಮೈದಾ ಅಂಟು ಬೇಯುವ ವಾಸನೆ, ಅದಕ್ಕೆ ಹುಳು ಬೀಳದಿರಲೆಂದು ಹಾಕುವ ಮೈಲುತುತ್ತದ ಕಮಟು. ದೇವದಾನಪ್ಪ ಕ್ರೈಸ್ತರು. ಊರಲ್ಲಿದ್ದ ಹತ್ತಾರು ಮನೆಯವರು ಸೇರುವ ಒಂದು ಸಣ್ಣ ಪ್ರಾರ್ಥನಾಮಂದಿರದಲ್ಲಿ, ಪಾದ್ರಿಗಳು ಬಾರದ ಭಾನುವಾರಗಳಂದು ಪುಸ್ತಕ ಓದಿ ನಾಲ್ಕು ಮಾತು ಹೇಳುವವರು ಅವರೇ. ಹೆಂಡತಿ ರತ್ನಮ್ಮ. ಒಬ್ಬನೇ ಮಗ ಆನಂದ, ಇಪ್ಪತ್ತೆರಡು ವರ್ಷದವನು. ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತು ಮೂರು ಸಲವೂ ಗಣಿತದಲ್ಲಿ ಬಿದ್ದು, ಅಪ್ಪನ ಕಸುಬಿಗೆ ಇಳಿದಿದ್ದ. ಗಣಿತ ಬಾರದವನ ಕೈಯಲ್ಲಿ ಅಳತೆ ಮಾತ್ರ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ.

ದೇವದಾನಪ್ಪನವರ ಹತ್ತಿರ ಒಂದು ದಪ್ಪ ಕನ್ನಡ ಬೈಬಲ್ ಇತ್ತು. ಅವರ ತಂದೆಯದು. ಮೊದಲ ಮುಕ್ಕಾಲು ಪಾಲು ಹಳೆಯ ಒಡಂಬಡಿಕೆ, ಅಂದರೆ ಯೆಹೂದ್ಯರ ಪುರಾತನ ಗ್ರಂಥಗಳು. ಉಳಿದ ಕಾಲುಪಾಲು ಹೊಸ ಒಡಂಬಡಿಕೆ, ಯೇಸುವಿನ ನಂತರ ಅವನ ಶಿಷ್ಯಪರಂಪರೆಯವರು ಬರೆದದ್ದು; ಅವನ ಬದುಕಿನ ಕತೆ ಹೇಳುವ ಸುವಾರ್ತೆಗಳು ಇರುವುದು ಇದರಲ್ಲೇ. ಎರಡರ ನಡುವೆ ಮನೆಯವರ ಜನನ, ವಿವಾಹ, ಮರಣಗಳನ್ನು ಬರೆದಿಡಲು ಒಂದು ಗೆರೆ ಹೊಡೆದ ಹಾಳೆ. ದೇವದಾನಪ್ಪ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಆಫೀಸು ಪೆನ್ಸಿಲು ಹಿಡಿದು ಆ ಪುಸ್ತಕವನ್ನು ಮೂವತ್ತು ವರ್ಷ ಓದಿದ್ದರು. ಹೊಸ ಪುಸ್ತಕದಲ್ಲಿ ಎಲ್ಲೆಲ್ಲಿ 'ಪ್ರವಾದಿ ಹೇಳಿದ್ದು ಹೀಗೆ ನೆರವೇರಿತು' ಎಂದು ಬರುತ್ತದೋ ಅಲ್ಲಿ ಕೆಂಪು ಗುರುತು. ಆ ಮಾತು ಹಳೆಯ ಪುಸ್ತಕದಲ್ಲಿ ಎಲ್ಲಿದೆಯೆಂದು ಹುಡುಕಿ ಅಲ್ಲಿ ನೀಲಿ ಗುರುತು. ಟಿಪ್ಪಣಿ ಉದ್ದವಾದರೆ ಪುಸ್ತಕವನ್ನು ಅಡ್ಡಕ್ಕೆ ತಿರುಗಿಸಿ, ಅಂಚಿನುದ್ದಕ್ಕೂ ಮೇಲಿನಿಂದ ಕೆಳಗೆ ಒಂದೇ ಸಾಲಿನಲ್ಲಿ ಬರೆಯುತ್ತಿದ್ದರು.

ಸಂಜೆ ನಾನು ಅಲ್ಲಿ ಹೋಗಿ ಕೂರುವುದು ರೂಢಿಯಾಗಿತ್ತು. ಒಂದು ಸಂಜೆ ಅವರು ಕನ್ನಡಕ ಹಣೆಗೇರಿಸಿ, "ಮೇಷ್ಟ್ರೇ, ಇಲ್ಲಿ ನೋಡಿ ಒಂದು ತಮಾಷೆ" ಎಂದರು. "ಹಳೇ ಪ್ರವಾದಿ ಬರ್ದಿದ್ದು ಪದ್ಯ. ನಿನ್ನ ರಾಜ ಕತ್ತೆ ಮೇಲೆ ಬರ್ತಾನೆ, ಕತ್ತೆಮರಿ ಮೇಲೆ ಬರ್ತಾನೆ ಅಂತ. ಇರೋದು ಒಂದೇ ಕತ್ತೆ. ಹಾಡಿನ ಚಂದಕ್ಕೆ ಎರಡು ಸಲ ಹೇಳಿದಾನೆ ಅಷ್ಟೆ. ಸುವಾರ್ತೆ ಬರ್ದೋನು ಒಬ್ಬ ಅದನ್ನ ಓದ್ಕೊಂಡು, ಯೇಸುಸ್ವಾಮಿ ಪಟ್ಟಣಕ್ಕೆ ಬರೋವಾಗ ನಿಜವಾಗ್ಲೂ ಎರಡು ಕತ್ತೆ ತರಿಸ್ಬಿಟ್ಟ!"

"ಎರಡರ ಮೇಲೂ ಕೂತ್ರಂತಾ?" ಒಳಗಿನಿಂದ ರತ್ನಮ್ಮನವರ ಧ್ವನಿ.

"ಹಾಗೇ ಬರ್ದಿದೆ ಕಣೆ."

"ನಮ್ಮನೇಲೂ ಎರಡಿದಾವಲ್ಲ, ಒಂದು ದೊಡ್ಡದು, ಒಂದು ಮರಿ. ಮೇಷ್ಟ್ರಿಗೆ ತೋರ್ಸಿ. ಹೇಳಿದ್ ಮಾತು ಒಂದೂ ಕೇಳದಿಲ್ಲ."

ಹೊಲಿಗೆ ಹಾಕುತ್ತಿದ್ದ ಆನಂದ ಸೂಜಿ ಕೆಳಗಿಟ್ಟು ನಕ್ಕ. ಅವನು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ ಎಂದು ಬರೆಯಹೊರಟೆ. ಅದು ನಿಜವಿರಲಾರದು. ಎರಡು ವರ್ಷ ಎದುರುಬದುರು ಇದ್ದವರು. ಬೇರೆ ನಗುಗಳು ನನಗೆ ಮರೆತಿವೆ, ಅಷ್ಟೆ.

ಇನ್ನೊಂದು ದಿನ ಅವರು ವಿಧವೆಯ ಮಗನ ಕತೆ ತೋರಿಸಿದರು. ಹಳೆಯ ಪುಸ್ತಕದಲ್ಲಿ ಒಬ್ಬ ಪ್ರವಾದಿ ಬಡ ವಿಧವೆಯ ಸತ್ತ ಮಗನನ್ನು ಬದುಕಿಸಿ ತಾಯಿಯ ಕೈಗೆ ಒಪ್ಪಿಸುತ್ತಾನೆ. ಹೊಸ ಪುಸ್ತಕದಲ್ಲಿ ಯೇಸು ಊರಬಾಗಿಲಲ್ಲಿ ಎದುರಾದ ಚಟ್ಟವನ್ನು ನಿಲ್ಲಿಸಿ ಒಬ್ಬ ವಿಧವೆಯ ಮಗನನ್ನು ಬದುಕಿಸುತ್ತಾನೆ, ತಾಯಿಗೆ ಒಪ್ಪಿಸುತ್ತಾನೆ. "ಒಪ್ಪಿಸಿದ ಅನ್ನೋ ಮಾತು ಎರಡು ಕಡೆನೂ ಅದೇ, ನೋಡಿ" ಎಂದು ಅವರು ಎರಡು ಪುಟಗಳನ್ನೂ ಬೆರಳಿಟ್ಟು ಹಿಡಿದರು. ಹೊಸ ಪುಸ್ತಕದ ಆ ಪುಟದ ಅಂಚಿನಲ್ಲಿ ಕೆಂಪಿನಲ್ಲಿ ಏನೋ ಉದ್ದಕ್ಕೆ ಬರೆದಿತ್ತು. ನಾನು ಅದನ್ನು ಓದಲಿಲ್ಲ. ಓದಬಹುದಿತ್ತು. ಅವರ ಮಾತಿಗೆ ಏನು ಉತ್ತರ ಕೊಟ್ಟರೆ ಎಂ.ಎ. ಮಾಡಿದವನ ಉತ್ತರದಂತಿರುತ್ತದೆ ಎಂದು ಯೋಚಿಸುತ್ತಿದ್ದೆ.

ನನಗೆ ಇದೆಲ್ಲ ಹೊಸದಾಗಿರಲಿಲ್ಲ. ನಮ್ಮೂರ ಕಡೆಯ ತಾಳಮದ್ದಳೆಯಲ್ಲಿ ಭಾಗವತರು ಹಾಡುವ ಪದ್ಯ ಎಲ್ಲ ವರ್ಷವೂ ಒಂದೇ. ಅರ್ಥ ಹೇಳುವವನು ಬದಲಾದರೆ ಹೋದ ವರ್ಷ ದುಷ್ಟನಾಗಿದ್ದವನು ಈ ವರ್ಷ ಅಯ್ಯೋ ಪಾಪ ಎನಿಸುತ್ತಾನೆ. ನನ್ನ ಅಪ್ಪ ಅಂಗಳದ ಮೂಲೆಯಲ್ಲಿ ಕಂಬಳಿ ಹೊದ್ದು ಕೂತು, "ಈ ಸಲದ ಕರ್ಣ ನಮ್ ಕಷ್ಟ ಬಲ್ಲ" ಎನ್ನುತ್ತಿದ್ದ. ಹಳೆಯ ಪದ್ಯಕ್ಕೆ ಈಗಿನವನ ನೋವು ಹೋಗಿ ಅಂಟಿಕೊಳ್ಳುವುದು ನಾನು ಹುಟ್ಟಿದಂದಿನಿಂದ ಕಂಡದ್ದು. ಆದರೆ ಅದನ್ನೇ ಮೈಸೂರಿನ ಧ್ವನಿಯಲ್ಲಿ ಹೇಳಿದೆ.

"ದೇವದಾನಪ್ಪನವರೇ, ಇದು ನೆರವೇರಿದ್ದಲ್ಲ, ಹಿಂದಕ್ಕೆ ಹೋಗಿ ಹುಡುಕಿದ್ದು. ಅವರು ತಮ್ಮ ಗುರುವನ್ನು ಕಳೆದುಕೊಂಡಿದ್ದರು. ಕಳೆದುಕೊಂಡವರಿಗೆ ಹಳೆಯ ಪುಸ್ತಕದ ಪುಟಪುಟದಲ್ಲೂ ಕಳೆದುಹೋದವನೇ ಕಾಣುತ್ತಾನೆ."

ಅವರು ಪೆನ್ಸಿಲನ್ನು ಕೆಂಪು ತುದಿಯಿಂದ ನೀಲಿ ತುದಿಗೆ ತಿರುಗಿಸಿದರು. "ಇರಬಹುದು ಮೇಷ್ಟ್ರೇ" ಎಂದರು. "ಆದ್ರೆ ಹುಡುಕಿದ ಕೂಡ್ಲೇ ಸಿಗಬೇಕಾದ್ರೆ ಅಲ್ಲಿ ಏನಾದ್ರೂ ಇದ್ದಿರಬೇಕಲ್ಲ?"

ನನ್ನ ಮಾತು ಡೈರಿಯಲ್ಲಿದೆ. ಅದರ ಕೆಳಗೆ ಗೆರೆಯೂ ಇದೆ. ತನ್ನ ಮಾತಿಗೆ ತಾನೇ ಅಡಿಗೆರೆ ಎಳೆದುಕೊಳ್ಳುವ ವಯಸ್ಸು. ಅವರ ಮಾತನ್ನು ನಾನು ಬರೆದುಕೊಂಡಿಲ್ಲ. ಅದು ನೆನಪಿನಿಂದ ಬಂದದ್ದು, ಆದ್ದರಿಂದ ನೀವು ಅದನ್ನು ಅಷ್ಟೇ ನಂಬಿ.

ಡೈರಿಯ ಮಾತು ಬಂತು. ಆಗ ನಾನು ಅಂಗಡಿಯ ಡೈರಿ ಕೊಳ್ಳುತ್ತಿರಲಿಲ್ಲ. ಪ್ರತಿ ಡಿಸೆಂಬರಿನಲ್ಲಿ ಖಾಲಿ ಹಾಳೆಗಳ ಒಂದು ಕಟ್ಟು ದೇವದಾನಪ್ಪನವರಿಗೆ ಕೊಟ್ಟರೆ, ಹೊಲಿದು ರಟ್ಟು ಹಾಕಿ ಕಪ್ಪು ಬಟ್ಟೆ ಹೊದಿಸಿ ಕೊಡುತ್ತಿದ್ದರು. ಆ ವರ್ಷವೂ ಕೊಟ್ಟಿದ್ದೆ. ಕ್ರಿಸ್ಮಸ್ ಮುಗಿದ ಮೇಲೆ ದೇವದಾನಪ್ಪ ಹೊಸ ವರ್ಷದ ರಿಜಿಸ್ಟರುಗಳನ್ನು ಹೊತ್ತುಕೊಂಡು ತೀರ್ಥಹಳ್ಳಿಗೆ ಬಸ್ಸು ಹತ್ತಿದರು. ಎರಡು ದಿನದ ಕೆಲಸ.

ಅಪ್ಪ ಇಲ್ಲದ ಆ ಎರಡು ದಿನದಲ್ಲಿ ಆನಂದ ಒಂದು ಒಳ್ಳೆಯ ಕೆಲಸ ಮಾಡಲು ಹೊರಟ. ಬೈಬಲ್ಲಿನ ಬೆನ್ನು ಬಹಳ ದಿನಗಳಿಂದ ಒಡೆದಿತ್ತು, ಎರಡು ಒಡಂಬಡಿಕೆಗಳ ನಡುವಿನ ಹಾಳೆಯ ಹತ್ತಿರವೇ ಸೀಳಿಕೊಂಡು ಒಂದು ಪುಸ್ತಕ ಎರಡಾಗಿತ್ತು. ಊರವರ ಪುಸ್ತಕವನ್ನೆಲ್ಲ ಕಟ್ಟಿಕೊಡುವ ದೇವದಾನಪ್ಪನವರಿಗೆ ತಮ್ಮದನ್ನು ಕಟ್ಟಿಕೊಳ್ಳಲು ಪುರುಸೊತ್ತಿರಲಿಲ್ಲ. ಹೊಸ ವರ್ಷದ ಪ್ರಾರ್ಥನೆಗೆ ಅಪ್ಪನ ಕೈಯಲ್ಲಿ ಹೊಸ ಬೈಂಡಿನ ಪುಸ್ತಕ ಇರಲಿ ಎಂದುಕೊಂಡ ಮಗ. ಪುಸ್ತಕ ಬಿಚ್ಚಿದ, ಮತ್ತೆ ಹೊಲಿದ, ಒತ್ತುಯಂತ್ರದಲ್ಲಿ ಬಿಗಿದ. ಅಂಚುಗಳನ್ನು ಹುಳು ತಿಂದಿತ್ತು. ಬೈಂಡು ಮಾಡುವವನ ಕೈ ಅಂಥದ್ದನ್ನು ಕಂಡರೆ ಸುಮ್ಮನಿರುವುದಿಲ್ಲ. ನೂರಾರು ರಿಜಿಸ್ಟರುಗಳಿಗೆ ಮಾಡಿದಂತೆ ಇದಕ್ಕೂ ಮಾಡಿದ. ಅಂಚನ್ನು ಕಿರುಬೆರಳಿನಗಲ ಕತ್ತರಿಸಿ ಗಾಜಿನಂತೆ ನುಣುಪು ಮಾಡಿದ. ಒಳಗೆ ಏನು ಬರೆದಿದೆಯೆಂದು ನೋಡಲಿಲ್ಲ. ಕಸುಬಿನವನು ಪುಸ್ತಕವನ್ನು ಹೊರಗಿನಿಂದ ನೋಡುತ್ತಾನೆ.

ಮೂವತ್ತು ವರ್ಷದ ಟಿಪ್ಪಣಿಗಳು ಚೂರಾಗಿ ಬುಟ್ಟಿಗೆ ಬಿದ್ದವು.

ದೇವದಾನಪ್ಪ ಸಂಜೆಯ ಬಸ್ಸಿಗೆ ಬಂದಾಗ ನಾನು ಅಂಗಡಿಯಲ್ಲಿದ್ದೆ. ಆನಂದ ಆಗಷ್ಟೇ ನನ್ನ ಡೈರಿಯನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಟ್ಟಿದ್ದ. ಅಪ್ಪನನ್ನು ಕಂಡು, ಬೈಬಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ. ದೇವದಾನಪ್ಪ ನಿಂತಲ್ಲೇ ಅದನ್ನು ತೆರೆದರು. ಒಂದು ಪುಟ ತಿರುಗಿಸಿದರು. ಇನ್ನೊಂದು ಪುಟ. ಆಮೇಲೆ ಬೇಗಬೇಗ ಹತ್ತಿಪ್ಪತ್ತು ಪುಟ.

"ಅಂಚು ಕತ್ತರಿಸ್ದ್ಯಾ?"

"ಹುಳ ತಿಂದಿತ್ತಪ್ಪ."

"ಚೂರೆಲ್ಲಿ?"

ಆನಂದ ಬುಟ್ಟಿಯ ಕಡೆ ನೋಡಿದ. ಬುಟ್ಟಿ ಖಾಲಿಯಾಗಿತ್ತು. ಒಳಬಾಗಿಲಲ್ಲಿ ರತ್ನಮ್ಮ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

"ಒಲೆಗೆ ಹಾಕ್ದ್ಯಾ?"

"ಹೂಂ."

"ನೀನು ಹುಟ್ಟೋಕ್ ಮುಂಚಿಂದ ಬರೀತಾ ಬಂದಿದ್ದು ಕಣೋ ಅದು!" ದೇವದಾನಪ್ಪನವರ ಧ್ವನಿ ಅಷ್ಟು ಎತ್ತರಕ್ಕೆ ಹೋಗಬಲ್ಲದೆಂದು ನನಗೆ ಗೊತ್ತಿರಲಿಲ್ಲ. "ಓದಕ್ಕೆ ಬಾರದೋನ ಕೈಗೆ ಕತ್ತಿ ಕೊಟ್ನಲ್ಲ ನಾನು! ಮೂರು ಸಲ ಫೇಲಾದೋನಿಗೆ ಅಕ್ಷರದ ಬೆಲೆ ಏನು ಗೊತ್ತಿರತ್ತೆ? ಇನ್ನು ನನ್ನ ಪುಸ್ತಕ ಮುಟ್ಬೇಡ. ನನ್ನ ಕಣ್ಣೆದುರಿಗೂ ನಿಲ್ಬೇಡ."

ನಾನು ಡೈರಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದೆ. ಬೇರೆಯವರ ಮನೆಯ ಜಗಳದಲ್ಲಿ ನಿಲ್ಲಬಾರದು ಎಂಬ ಸಭ್ಯತೆ ನನ್ನದು. ನಿಂತಿದ್ದರೆ, ಒಂದು ಮಾತು ನಡುವೆ ಹಾಕಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಮಾತಾಡುವುದನ್ನು ಬಿಟ್ಟರೆ ಬೇರೆ ಕೆಲಸ ಬಾರದ ಮನುಷ್ಯ ಆ ಹೊತ್ತಿಗೆ ಮಾತ್ರ ಮೌನದ ಮರ್ಯಾದೆ ಕಲಿತ.

ಮರುದಿನ ಬೆಳಿಗ್ಗೆ ಆನಂದ ಮನೆಯಲ್ಲಿರಲಿಲ್ಲ. ಮೊದಲ ಬಸ್ಸಿನ ಕಂಡಕ್ಟರು, ಅವನು ಕೋಣಂದೂರಿಗೆ ಟಿಕೇಟು ತೆಗೆದುಕೊಂಡನೆಂದು ಹೇಳಿದ. ದೇವದಾನಪ್ಪನವರೂ ನಾನೂ ಕೋಣಂದೂರಿಗೆ ಹೋದೆವು. ಸಂತೆಯ ದಿನ. ಹೋಟೆಲು, ಲಾರಿ ನಿಲ್ಲುವ ಜಾಗ, ಸೈಕಲ್ ಅಂಗಡಿ, ಎಲ್ಲ ಕಡೆ ಕೇಳಿದೆವು. ಬೆರಳ ತುದಿಗೆ ಅಂಟಿನ ಕಲೆ ಇರುವ, ಉದ್ದನೆಯ ಹುಡುಗ ಎಂದು ದೇವದಾನಪ್ಪ ಗುರುತು ಹೇಳುತ್ತಿದ್ದರು. ಯಾರಿಗೂ ಗೊತ್ತಿರಲಿಲ್ಲ. ತೀರ್ಥಹಳ್ಳಿಗೂ ಹೋದೆವು. ಹೊಳೆಯ ದಂಡೆಯಲ್ಲಿ ಅವರು ನೀರನ್ನು ನೋಡುತ್ತ ಬಹಳ ಹೊತ್ತು ನಿಂತರು. ನಾನು ಅವರ ತೋಳು ಹಿಡಿದು ಬಸ್‌ಸ್ಟ್ಯಾಂಡಿಗೆ ಕರೆತಂದೆ. ಪೊಲೀಸರಿಗೆ ಬರೆದುಕೊಟ್ಟೆವು. ಒಂದು ಕಾಗದ ಬರಲಿಲ್ಲ, ಒಂದು ಸುದ್ದಿ ಬರಲಿಲ್ಲ. ಅಷ್ಟೇ. ಕತೆಗಳಲ್ಲಾದರೆ ಯಾರೋ ಎಲ್ಲೋ ಕಂಡೆನೆಂದು ಹೇಳುತ್ತಾರೆ. ನಮಗೆ ಅದೂ ಆಗಲಿಲ್ಲ.

ಆಮೇಲೆ ಒಂದು ದಿನ ರತ್ನಮ್ಮ ನನ್ನನ್ನು ಬಾಗಿಲಲ್ಲೇ ತಡೆದು ಮೆಲ್ಲಗೆ ಹೇಳಿದರು. "ಚೂರು ಅವ್ನು ಸುಟ್ಟಿದ್ದಲ್ಲ ಮೇಷ್ಟ್ರೇ. ಸ್ನಾನದ ನೀರು ಕಾಯ್ಸೋಕೆ ಬುಟ್ಟಿಲಿದ್ದಿದ್ದನ್ನ ನಾನೇ ಒಲೆಗೆ ಸುರ್ದೆ. ನಂಗೇನು ಗೊತ್ತು? ದಿನಾ ಹಾಕೋದೇ ಅಲ್ವಾ? ಅವ್ನು ನನ್ ಹೆಸ್ರು ಹೇಳ್ಲಿಲ್ಲ." ಸೆರಗನ್ನು ಬಾಯಿಗೊತ್ತಿಕೊಂಡರು. "ಇದನ್ನ ಅವ್ರಿಗೆ ಹೇಳ್ಬೇಡಿ" ಎಂದರೋ, "ಹೇಳಿಬಿಡಿ" ಎಂದರೋ ನನಗೆ ಈಗ ನೆನಪಿಲ್ಲ. ಡೈರಿಯಲ್ಲಿ ಆ ದಿನ 'ರತ್ನಮ್ಮ ಅತ್ತರು' ಎಂದಷ್ಟೇ ಇದೆ. ನಾನಂತೂ ಹೇಳಲಿಲ್ಲ.

ಆ ಬೇಸಿಗೆಯಲ್ಲಿ ದೇವದಾನಪ್ಪ ಒಂದು ವಿಚಿತ್ರ ಕೆಲಸ ಶುರುಮಾಡಿದರು. ಬೈಬಲ್ಲಿನ ಪುಟಗಳಿಗೆ ಮತ್ತೆ ಅಂಚು ಹಚ್ಚತೊಡಗಿದರು. ತೆಳುಕಾಗದದ ಪಟ್ಟಿ ಕತ್ತರಿಸಿ, ಒಂದೊಂದು ಪುಟದ ತುದಿಗೂ ಕೂದಲೆಳೆಯಷ್ಟು ಅಂಟು ಸವರಿ ಕೂಡಿಸುವುದು. ದಿನಕ್ಕೆ ಏಳೆಂಟು ಪುಟ. ಅಂಚು ಒಣಗಿದ ಮೇಲೆ ಟಿಪ್ಪಣಿಗಳನ್ನು ನೆನಪಿನಿಂದ ಮತ್ತೆ ಬರೆಯಬೇಕು. ಅವರ ಕೈ ನಡುಗಲು ತೊಡಗಿತ್ತು. ಭಾನುವಾರಗಳಂದು ಅವರು ಹೇಳಿದ್ದನ್ನು ನಾನು ಬರೆಯುತ್ತಿದ್ದೆ, ಅದೇ ಕೆಂಪು ಪೆನ್ಸಿಲಿನಲ್ಲಿ.

ಹಾಗೆ ಬರೆಯುವಾಗ ನನಗೆ ಒಂದು ಅನುಮಾನ ಬಂತು. ಅವರು ಹೇಳುತ್ತಿದ್ದದ್ದು ಹಳೆಯ ಟಿಪ್ಪಣಿಗಳಂತಿರಲಿಲ್ಲ. ಮೊದಲಿನವು ಬರೀ ಅಧ್ಯಾಯದ ಸಂಖ್ಯೆ, 'ಇದನ್ನು ಹೋಲಿಸು' ಎಂಬಂಥ ಒಣ ಮಾತುಗಳು ಎಂದು ನಾನು ತಿಳಿದಿದ್ದೆ. ಈಗ ಎಲ್ಲ ಪುಟದಲ್ಲೂ ಮಗ ಬರುತ್ತಿದ್ದ. ಸೋದರರು ಮಾರಿದ ಮಗ ಸತ್ತನೆಂದು ಅಪ್ಪ ಗೋಳಾಡುವ ಹಳೆಯ ಕತೆ ಬಂದಾಗ, "ಬರ್ಕೊಳ್ಳಿ ಮೇಷ್ಟ್ರೇ, ಅಪ್ಪ ಅತ್ತಾಗ ಮಗ ಬದುಕಿದ್ದ. ದೂರದ ದೇಶದಲ್ಲಿ ಚೆನ್ನಾಗೇ ಇದ್ದ" ಎನ್ನುವರು. ಮನೆ ಬಿಟ್ಟುಹೋದ ಕಿರಿಯ ಮಗನ ಕತೆ ಹೊಸ ಪುಸ್ತಕದಲ್ಲಿ ಬಂದಾಗ ಕನ್ನಡಕ ತೆಗೆದಿಟ್ಟು, "ಅಲ್ಲಿ ಅಪ್ಪ ಬೈದಿರ್ಲಿಲ್ಲ. ಅದನ್ನ ಬರೀಬೇಡಿ" ಎಂದರು.

ಒಂದು ಭಾನುವಾರ ವಿಧವೆಯ ಮಗನ ಪುಟ ಬಂತು. "ಇಲ್ಲಿ ನಾನು ಆನಂದನ ಹೆಸ್ರು ಬರ್ದಿದ್ದೆ" ಎಂದರು. "ಅವ್ನಿಗೆ ಮೂರು ವರ್ಷ ಇದ್ದಾಗ ಕೆಟ್ಟ ಜ್ವರ ಬಂದಿತ್ತು. ಉಳಿಯಲ್ಲ ಅಂದಿದ್ರು. ಆವತ್ತು ಈ ಪುಟ ಓದ್ತಾ ಇದ್ದೆ."

ನಾನು ಬರೆದೆ. ಮನೆಗೆ ಬಂದು ಡೈರಿಯಲ್ಲಿ ಹೀಗೂ ಬರೆದೆ: 'ದೇ. ಇವತ್ತು ಇಲ್ಲದ್ದನ್ನು ಸೇರಿಸಿದರು. ತಿದ್ದಲಿಲ್ಲ. ಸುವಾರ್ತೆಗಳು ಹುಟ್ಟಿದ ಬಗೆ ಕಣ್ಣೆದುರಿಗೇ ಕಾಣುತ್ತಿದೆ.' ಕಾಣುತ್ತಿದೆ ಎಂಬುದರ ಕೆಳಗೆ ಗೆರೆ ಇದೆ. ಮಗನನ್ನು ಕಳೆದುಕೊಂಡ ಮನುಷ್ಯನ ಎದುರು ಕೂತು ನನ್ನ ಸಿದ್ಧಾಂತಕ್ಕೆ ಪುರಾವೆ ಸಿಕ್ಕಿತೆಂದು ಸಂತೋಷಪಟ್ಟಿದ್ದೆ. ಇದು ಮಾತ್ರ ನೆನಪಲ್ಲ, ಶಾಯಿಯಲ್ಲಿದೆ.

ರತ್ನಮ್ಮನವರ ಪುಟ ಬೇರೆ. ಹೊಸ ಪುಸ್ತಕದ ಮೊದಲಿಗೇ, ದೊರೆಯೊಬ್ಬ ಒಂದು ಊರಿನ ಎಳೆಯ ಮಕ್ಕಳನ್ನೆಲ್ಲ ಕೊಲ್ಲಿಸುವ ಪ್ರಸಂಗವಿದೆ. ಅಲ್ಲಿ ಸುವಾರ್ತೆ ಬರೆದವನು ಹಳೆಯ ಪ್ರವಾದಿಯ ಮಾತೊಂದನ್ನು ತಂದಿಟ್ಟಿದ್ದಾನೆ. ಆ ಜನಾಂಗದ ಮೂಲತಾಯಿ ಮಕ್ಕಳಿಗಾಗಿ ಅಳುತ್ತಿದ್ದಾಳೆ, ಯಾರು ಸಮಾಧಾನ ಹೇಳಿದರೂ ಒಲ್ಲಳು, ಮಕ್ಕಳು ಇಲ್ಲವಲ್ಲ. ನಾನು ಅದನ್ನು ಗಟ್ಟಿಯಾಗಿ ಓದುವಾಗ ರತ್ನಮ್ಮ ಒಳಗಿನಿಂದ ಬಂದು ಗೋಡೆಗೊರಗಿ ಕೂತರು.

"ಹಳೇದರಲ್ಲೂ ಅಷ್ಟೇ ಇದ್ಯಾ ಮೇಷ್ಟ್ರೇ? ತೆಗ್ದು ನೋಡಿ."

ತೆಗೆದು ನೋಡಿದೆ. ಹಳೆಯದರಲ್ಲಿ ಅಷ್ಟೇ ಇರಲಿಲ್ಲ. ಅಲ್ಲಿ ಅವಳ ಮಕ್ಕಳು ಸತ್ತಿಲ್ಲ, ಶತ್ರುಗಳ ದೇಶಕ್ಕೆ ಸೆರೆಹೋಗಿದ್ದಾರೆ. ಅಳುವಿನ ಬೆನ್ನಿಗೇ ದೇವರ ಮಾತು ಬರುತ್ತದೆ: ಅಳಬೇಡ, ಕಣ್ಣೊರೆಸಿಕೋ, ಮಕ್ಕಳು ತಮ್ಮ ನಾಡಿಗೆ ತಿರುಗಿ ಬರುತ್ತಾರೆ.

"ಬರ್ತಾರೆ ಅಂತಿದೆ" ಎಂದರು ರತ್ನಮ್ಮ. ಮತ್ತೆ ಓದಿಸಿದರು. "ಮತ್ತೆ ಆ ಸುವಾರ್ತೆಯವ್ನು ಇದನ್ನ ಯಾಕ್ ಬಿಟ್ಟ? ಅಳೋದ್ ಮಾತ್ರ ತಗೊಂಡು ಒರ್ಸೋದನ್ನ ಬಿಟ್ನಲ್ಲ, ಅವ್ನಿಗೆ ಮಕ್ಳಿರ್ಲಿಲ್ವಾ?"

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಅವನು ಹೇಳುತ್ತಿದ್ದ ಕತೆಯಲ್ಲಿ ಮಕ್ಕಳು ಸತ್ತಿದ್ದರು. ಸತ್ತವರಿಗೆ ಮುಂದಿನ ಸಾಲು ಹೊಂದುವುದಿಲ್ಲ. ನನ್ನ ನೆನಪಿನಲ್ಲಿ ನಾನು ಆಗ ಸುಮ್ಮನಿದ್ದೆ. ತಲೆ ತಗ್ಗಿಸಿ ಪುಟ ಮಡಚಿದೆ. ಎಷ್ಟೋ ವರ್ಷ ಹಾಗೆಯೇ ನಂಬಿದ್ದೆ, ಒಂದೆರಡು ಕಡೆ ಹೇಳಿಕೊಂಡೂ ಇದ್ದೇನೆ. ಮೊನ್ನೆ ಆ ಭಾನುವಾರದ ಪುಟ ತೆಗೆದರೆ ನನ್ನದೇ ಕೈಬರಹ: 'ಕಾರಣ ಹೇಳಿದೆ. ರ. ಎದ್ದು ಒಳಗೆ ಹೋದರು. ಹೇಳಬಾರದಿತ್ತು.'

ಅದಾದ ಮೇಲೂ ರತ್ನಮ್ಮ ಆ ಹಳೆಯ ಸಾಲನ್ನು ಬಿಡಲಿಲ್ಲ. ಅವರಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ನೀಲಿ ಗುರುತು ನೋಡಿ ಆ ಪುಟ ಹುಡುಕಿ, ಅದರ ಮೇಲೆ ಕೈಯಿಟ್ಟು ಕೂರುತ್ತಿದ್ದರು. ಮಗನ ತಟ್ಟೆ ಯಾವಾಗಲೂ ಬೋರಲಾಗಿ ಒಲೆಯ ಪಕ್ಕದಲ್ಲಿರುತ್ತಿತ್ತು. ದೇವದಾನಪ್ಪ ಒಮ್ಮೆ ನನ್ನ ಜೊತೆ ಬೀದಿಯಲ್ಲಿ ನಡೆಯುತ್ತ ತಾವಾಗಿಯೇ ಹೇಳಿದರು: "ಅಂಚು ಇಲ್ದಿದ್ರೂ ಪುಸ್ತಕ ಪುಸ್ತಕನೇ ಅಲ್ವಾ ಮೇಷ್ಟ್ರೇ. ಫೇಲಾದೋನಿಗೆ ಅದು ಗೊತ್ತಿತ್ತು. ನಂಗೇ ಗೊತ್ತಾಗ್ಲಿಲ್ಲ."

ನನಗೆ ವರ್ಗವಾಯಿತು, ಮದುವೆಯಾಯಿತು. ಕೆಲವು ವರ್ಷಗಳ ಮೇಲೆ ಸಾಗರದ ಮೂಲಕ ಹಾದುಹೋಗುವಾಗ ಇಳಿದು ಆ ಮನೆಗೆ ಹೋದೆ. ದೇವದಾನಪ್ಪ ತೀರಿಹೋಗಿದ್ದರು. ರತ್ನಮ್ಮ ಬೈಬಲ್ ತಂದು ಮುಂದಿಟ್ಟರು. ಹಚ್ಚಿದ ಅಂಚುಗಳಿಂದ ಅದು ಊದಿಕೊಂಡು ಮುಚ್ಚಲು ಬರುತ್ತಿರಲಿಲ್ಲ. ನಡುವಿನ ಹಾಳೆಯೊಂದಕ್ಕೆ ಮಾತ್ರ ಅಂಚು ಹಚ್ಚಿರಲಿಲ್ಲ. ಮರಣದ ಕಾಲಮಿನಲ್ಲಿ ರತ್ನಮ್ಮ ಗಂಡನ ಹೆಸರನ್ನು ತಮ್ಮ ಸೊಟ್ಟ ಅಕ್ಷರದಲ್ಲಿ ಬರೆದಿದ್ದರು. ಆನಂದನ ಹೆಸರು ಜನನದ ಕಾಲಮಿನಲ್ಲಿ ಮಾತ್ರ ಇತ್ತು. "ಅವ್ರು ಹೋಗೋವಾಗ ಕೇಳಿದ್ರು, ಅವ್ನದ್ದೂ ಬರ್ದುಬಿಡ್ಲಾ ಅಂತ. ನಾನು ಬೇಡ ಅಂದೆ" ಎಂದರು. ಆಮೇಲೆ ಅವರೂ ಹೋದರೆಂದು ಯಾರಿಂದಲೋ ಕೇಳಿದೆ. ಅವರ ಹೆಸರನ್ನು ಆ ಹಾಳೆಯಲ್ಲಿ ಯಾರು ಬರೆದರೋ, ಯಾರಾದರೂ ಬರೆದರೋ ಗೊತ್ತಿಲ್ಲ. ಪುಸ್ತಕ ಎಲ್ಲಿದೆಯೋ ಅದೂ ಗೊತ್ತಿಲ್ಲ.

ಈಗ ಈ ಮೂರು ಪಟ್ಟಿಗಳು. ಆ ದಿನ ಬೆಳಿಗ್ಗೆ ನನ್ನ ಡೈರಿಗೆ ಬೆನ್ನು ಕಟ್ಟುವಾಗ, ಬುಟ್ಟಿ ಒಲೆಗೆ ಹೋಗುವ ಮುಂಚೆ, ಆನಂದ ಅದರಿಂದ ಎತ್ತಿಕೊಂಡದ್ದು. ಎರಡರಲ್ಲಿ ಇರುವುದು ಒಣ ಸಂಖ್ಯೆಗಳೇ. ಮೂರನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದು ಅಡ್ಡಕ್ಕೆ ಬರೆದ ಟಿಪ್ಪಣಿ, ಆದ್ದರಿಂದ ಇಡೀ ಸಾಲು ಉಳಿದಿದೆ. ಇಪ್ಪತ್ತು ವರ್ಷ ಚಿಕ್ಕವರಾಗಿದ್ದ ದೇವದಾನಪ್ಪನವರ ನಡುಗದ ಕೈ: 'ಹಳೆಯದರಲ್ಲಿಯೂ ತಾಯಿಗೆ ಒಪ್ಪಿಸಿದನು. ಆನಂದನ ಜ್ವರ ಇಂದು ಇಳಿಯಿತು.'

ಅವರು ಏನನ್ನೂ ಸೇರಿಸಿರಲಿಲ್ಲ. ಮಗ ಮೊದಲಿನಿಂದಲೂ ಅಲ್ಲಿದ್ದ. ಓದದೆ ತೀರ್ಪು ಬರೆದವನು ನಾನು.

ಇದನ್ನು ಹಿಡಿದು ಕೂತಿರುವಾಗ ಆ ಸಂಜೆಯ ಇನ್ನೊಂದು ಸಂಗತಿ ನನಗೆ ಕಾಣತೊಡಗಿದೆ. "ಚೂರೆಲ್ಲಿ?" ಎಂದು ಅಪ್ಪ ಕೇಳಿದಾಗ ಆನಂದ ಬುಟ್ಟಿ ನೋಡಿದ, ತಾಯಿಯನ್ನು ನೋಡಿದ, ಅಪ್ಪನ ಬೈಗುಳವೆಲ್ಲ ಮುಗಿದ ಮೇಲೆ ನನ್ನ ಕಂಕುಳಲ್ಲಿದ್ದ ಡೈರಿಯನ್ನು ನೋಡಿದ. ಬಾಯಿ ತೆರೆದ. ಅಷ್ಟರಲ್ಲಿ ನಾನು ಮೆಟ್ಟಿಲಿಳಿದೆ. ಸ್ಪಷ್ಟವಾಗಿ ಕಾಣುತ್ತಿದೆ, ಅವನ ಕಣ್ಣು ಹೊರಳಿದ ಬಗೆ, ಅಂಟು ಹತ್ತಿದ ಬೆರಳು ಅರ್ಧ ಮೇಲೆದ್ದದ್ದು. ಇಷ್ಟು ವರ್ಷ ಇದು ಎಲ್ಲಿತ್ತು? ಪಟ್ಟಿ ಬೀಳುವ ಮುಂಚೆ ಈ ನೋಟ ನನ್ನ ನೆನಪಿನಲ್ಲಿ ಇರಲಿಲ್ಲವೆಂದು ನಾನು ಪ್ರಮಾಣ ಮಾಡಬಲ್ಲೆ. ಹಾಗಾದರೆ ಇದು ಹಿಂದಕ್ಕೆ ಹೋಗಿ ಹುಡುಕಿದ್ದು. ಹುಡುಕಿದ ಕೂಡಲೇ ಸಿಗಬೇಕಾದರೆ ಅಲ್ಲಿ ಏನಾದರೂ ಇದ್ದಿರಬೇಕಲ್ಲ ಎಂದು ದೇವದಾನಪ್ಪ ಕೇಳುತ್ತಾರೆ. ಆ ಮಾತನ್ನಾದರೂ ಅವರು ನಿಜವಾಗಿ ಹೇಳಿದ್ದರೇ?

ಹೆಂಡತಿ ಒಳಗಿನಿಂದ ಕೂಗಿ, ರೇಡಿಯೊದ ತಾರೀಖು ಸಿಕ್ಕಿತೇ ಎಂದಳು. ಇಲ್ಲ ಎಂದೆ. ಬೆನ್ನು ಕಿತ್ತ ಡೈರಿಯ ಮೊದಲ ಪುಟ ತೆಗೆದು ನೋಡಿದೆ. ಆ ಸಂಜೆ ಮನೆಗೆ ಬಂದು, ಹೊಸ ಹಾಳೆಯ ಮೇಲೆ ನಾನು ಬರೆದ ಮೊದಲ ಮಾತು ಅಲ್ಲಿದೆ. ಬೇರೆ ಏನೂ ಇಲ್ಲ.

'ಹೊಸ ಡೈರಿ ಬಂತು. ಆನಂದನ ಕೆಲಸ ಅಚ್ಚುಕಟ್ಟು. ಬೆನ್ನು ಗಟ್ಟಿಯಾಗಿದೆ.'